ಮುತ್ತಿನ ಕೊಳದ ಕಳ್ಳ

"ಕೇಳ್ರಪ್ಪೋ ಕೇಳಿ! ರಾಣಿ ಅಬ್ಬಲದೇವಿಯವರ ಮೂರು ಒಗಟು ಬಿಡಿಸಿದವನನ್ನು ಅವರೇ ಮದುವೆಯಾಗುತ್ತಾರೆ. ತಪ್ಪಿದವನ ತಲೆ ಹೋಗುತ್ತದೆ!"

ಡಂಗುರ ಸಾರಿದ್ದೇ ತಡ, ಗಂಡುಗಳ ಸಾಲು ನೋಡಬೇಕಿತ್ತು! ಹೋದವರೆಲ್ಲ ಮೂರನೇ ಒಗಟಿಗೆ ಮುಗ್ಗರಿಸಿ ಸೆರೆಮನೆ ಸೇರಿದರು. ಮುತ್ತು ಬೆಳೆಯುವ ಅಂಬಿಗರ ಮಾದನೂ ಅವರಲ್ಲೊಬ್ಬ. ತಿಂಗಳು ಕಳೆದ ಮೇಲೆ, ಮರುದಿನವೇ ಎಲ್ಲರ ತಲೆ ತೆಗೆಯುವುದೆಂದಾಯಿತು. ಮಾದನ ತಮ್ಮ ಬೀರನಿಗೆ ಅನ್ನ ಸೇರಲಿಲ್ಲ. ರಾಣಿಯೂ ಬೇಡ, ರಾಜ್ಯವೂ ಬೇಡ, ಅಣ್ಣ ಬಂದರೆ ಸಾಕು ಎಂದುಕೊಂಡು ಅರಮನೆಗೆ ನಡೆದ.

ರಾಣಿ ಕೇಳಿದಳು: "ಬಡಿದರೆ ಬಾಗಿಲು ಬಿಗಿಯುತ್ತದೆ, ಸುಮ್ಮನೆ ಬಿಟ್ಟರೆ ತಾನೇ ತೆರೆಯುತ್ತದೆ. ಯಾವ ಮನೆ?"

"ಮುತ್ತಿನ ಚಿಪ್ಪು, ರಾಣಿಯವರೇ."

"ಆ ಮನೆಗೆ ಕರೆಯದ ನೆಂಟನೊಬ್ಬ ಬಂದ. ಎಷ್ಟು ನೋಯಿಸಿದರೂ ಒಡತಿ ಅವನಿಗೆ ದಿನವೂ ಹೊಸ ರೇಷ್ಮೆ ಹೊದಿಸುತ್ತಾಳೆ. ಯಾರವನು?"

"ನಾವು ಚಿಪ್ಪಿನೊಳಗೆ ಇಡುವ ಮಣಿ. ಅದರ ಮೇಲೆ ಪದರ ಪದರವಾಗಿ ಹೊಳಪು ಕಟ್ಟಿ ಮುತ್ತಾಗುತ್ತದೆ."

ಇಲ್ಲಿಯವರೆಗೆ ಎಲ್ಲರೂ ಬಂದಿದ್ದರು. ರಾಣಿಯ ದನಿ ಸಣ್ಣದಾಯಿತು. "ನನ್ನ ಕೊಳಕ್ಕೆ ಕಳ್ಳನೊಬ್ಬ ಬರುತ್ತಾನೆ. ಏನನ್ನೂ ಒಯ್ಯುವುದಿಲ್ಲ. ಆದರೂ ಮಣಿ ಹೊರಗೆ ಬೀಳುತ್ತದೆ, ಚಿಪ್ಪುಗಳು ಸಾಯುತ್ತವೆ. ಯಾರೆಂದು ನನಗೂ ಗೊತ್ತಿಲ್ಲ. ನಿಮ್ಮಣ್ಣ ಏಡಿ ಅಂದ, ಬಲೆ ಕಟ್ಟಿಸಿದೆ. ಸೇನಾಪತಿಯ ಮಗ ನೀರುನಾಯಿ ಅಂದ, ಕಾವಲು ಹಾಕಿಸಿದೆ. ಚಿಪ್ಪು ಸಾಯುವುದು ನಿಲ್ಲಲಿಲ್ಲ."

"ಕೊಳಕ್ಕೆ ದಿನಾ ಹೋಗುವವರು ಯಾರು?" ಎಂದ ಬೀರ.

"ನಾನೊಬ್ಬಳೇ. ಮುತ್ತು ಎಷ್ಟು ಬೆಳೆಯಿತೆಂದು ಒಂದೊಂದೇ ಚಿಪ್ಪು ಬಿಡಿಸಿ ನೋಡಿ ಬರುತ್ತೇನೆ."

ಬೀರನಿಗೆ ಉತ್ತರ ಹೊಳೆಯಿತು. ಹೇಳಿದರೆ ತನ್ನ ತಲೆ ಉಳಿಯುವುದು ಅನುಮಾನ, ಹೇಳದಿದ್ದರೆ ಅಣ್ಣನ ತಲೆ ಹೋಗುವುದು ಖಂಡಿತ.

"ಕಳ್ಳರು ನೀವೇ, ರಾಣಿಯವರೇ!"

ತಲೆ ಕಡಿಯಲು ನಿಂತಿದ್ದ ಕಟುಕ ಕತ್ತಿಗೆ ಕೈ ಹಾಕಿದ.

"ಮಣಿ ಇಟ್ಟ ಗಾಯ ಮಾಯುವ ಮೊದಲೇ ದಿನಾ ಬಾಯಿ ಬಿಡಿಸಿದರೆ ಚಿಪ್ಪು ಬದುಕೀತೇ? ಚಿಕ್ಕವನಿದ್ದಾಗ ನಾನೂ ಹೀಗೇ ಇಣುಕುತ್ತಿದ್ದೆ. ನಮ್ಮವ್ವ ಸೌಟಿನಲ್ಲಿ ಕೈಗೆ ಬಾರಿಸಿದ ಮೇಲೇ ಬಿಟ್ಟಿದ್ದು."

ರಾಣಿ ತನ್ನ ಕೈಗಳನ್ನೇ ನೋಡಿಕೊಂಡಳು. "ಅಯ್ಯೋ, ನನ್ನ ಚಪಲಕ್ಕೆ ಎಷ್ಟು ಜನರ ತಲೆ ಹೋಗುತ್ತಿತ್ತು!" ಎಂದು ನಾಚಿದಳು. ಆಮೇಲೆ ಸೌಟಿನ ಮಾತು ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನು ಬೇಕು, ಕೇಳು."

"ನಮ್ಮಣ್ಣ ಬೇಕು. ಒಳಗಿರುವ ಉಳಿದವರನ್ನೂ ಬಿಟ್ಟುಬಿಡಿ."

ಸೆರೆಮನೆಯ ಬಾಗಿಲು ತೆರೆಯಿತು. ಮಾದ ಓಡಿಬಂದು ತಮ್ಮನನ್ನು ಎತ್ತಿಯೇಬಿಟ್ಟ. ಬಿಡುಗಡೆಯಾದವರೆಲ್ಲ ಬೀರನ ಬಳಿ ಕುಳಿತು ಚಿಪ್ಪಿಗೆ ನೋವಾಗದಂತೆ ಮಣಿ ಇಡುವುದನ್ನು ಕಲಿತರು, ರಾಣಿಯೂ ದಿನಾ ಬಂದು ಕೂತಳು. ಅಷ್ಟು ಹೊತ್ತಿಗೆ ರಾಣಿಗೂ ಬೀರನನ್ನು ಬಿಟ್ಟಿರಲಾಗುತ್ತಿರಲಿಲ್ಲ, ಬೀರನಿಗೂ ಹಾಗೇ. ವಾಲಗ ಊದಿಸಿ ಮದುವೆ ಮಾಡಿದರು.

ಕೊಳದ ಕಾವಲಿಗೆ ಅವ್ವ ಬಂದಳು, ಸೌಟು ಹಿಡಿದುಕೊಂಡೇ! ಒಂದೆರಡು ಸಲ ರಾಣಿಯ ಕೈಗೂ ಬಿತ್ತಂತೆ. ಕೊನೆಗೆ ಚಿಪ್ಪು ತೆರೆದಾಗ ಸಿಕ್ಕ ಮೊದಲ ಮುತ್ತನ್ನು ರಾಣಿ ಅತ್ತೆಯ ಮೂಗುತಿಗೆ ಹಾಕಿಸಿದಳು.