ತೂಬಿಗೆ ಕಟ್ಟಿದ ಬೇವಿನ ಸೊಪ್ಪು

“ಹಾಲಕಟ್ಟೆಯ ದೊರೆ ಬೊಪ್ಪರಾಯರ ಅಪ್ಪಣೆ. ದೊಡ್ಡ ಕಟ್ಟೆಯ ನಡುಗಡ್ಡೆ, ಅದರ ಮೇಲಿನ ಮರ, ಸುತ್ತಲಿನ ನೀರು, ಇಷ್ಟೂ ಒಬ್ಬನಿಗೆ ಉಂಬಳಿ. ಬೇಕಾದವನು ಮೂರು ದಿನದಲ್ಲಿ ಮೂರು ಒಗಟು ಬಿಡಿಸಬೇಕು. ತಪ್ಪು ಹೇಳಿದವನ ತಲೆ ಕೋಟೆ ಬಾಗಿಲಿಗೆ.”

ಡಂಗುರದವನು ಇದನ್ನು ಕಟ್ಟೆಯ ಏರಿಯ ಮೇಲೆ ಸಾರಿದಾಗ, ನೀರು ಬಿಡುವ ಕಟ್ಟುವ ಕೆಲಸದ ನೀರುಗಂಟಿ ಜವರ ತೂಬಿನ ಬಳಿ ಕೂತು ರೊಟ್ಟಿ ತಿನ್ನುತ್ತಿದ್ದ. ರೊಟ್ಟಿ ಕೆಳಗಿಟ್ಟು ನಡುಗಡ್ಡೆಯತ್ತ ನೋಡಿದ. ನಡುಗಡ್ಡೆಯ ಮರಗಳ ತುಂಬ ಬಣ್ಣದ ಕೊಕ್ಕರೆಗಳು ಮರಿ ಮಾಡಿದ್ದವು. ಅವುಗಳ ರೆಕ್ಕೆ ಬಲಿಯಲು ಇನ್ನೂ ಒಂದು ತಿಂಗಳು ಬೇಕಿತ್ತು. ನಡುಗಡ್ಡೆ ತನಗೇ ಬೇಕೆಂದು ಗಂಟುಬಿದ್ದವರು ಇಬ್ಬರು. ಒಬ್ಬ ಪಾಳೇಗಾರನಿಗೆ ಮರ ಕಡಿದು ಬೇಟೆಮನೆ ಕಟ್ಟಿಸುವ ಆಸೆ, ಇನ್ನೊಬ್ಬ ಗರಿ ವ್ಯಾಪಾರಿಗೆ ಹಕ್ಕಿಯ ಮೇಲೇ ಕಣ್ಣು. ಯಾರಿಗೂ ಇಲ್ಲವೆನ್ನಲಾರದ ದೊರೆ ಒಗಟಿನ ಮೊರೆ ಹೊಕ್ಕಿದ್ದ. ಒಳ್ಳೆಯವನು, ಪಾಪ. ತಲೆ ಕಡಿಸಿದರೂ ನಗುನಗುತ್ತಲೇ ಕಡಿಸುತ್ತಿದ್ದ.

ಬಾಣಂತಿಯಿರುವ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರಲ್ಲ, ಹಾಗೆಯೇ ಕೊಕ್ಕರೆ ಮೊಟ್ಟೆಯಿಟ್ಟ ದಿನದಿಂದ ತೂಬಿನ ಕಂಬಕ್ಕೆ ಬೇವಿನ ಸೊಪ್ಪು ಕಟ್ಟುವುದು ನೀರುಗಂಟಿಗಳ ಪದ್ಧತಿ. ಮರಿ ಹಾರುವ ತನಕ ಆ ತೂಬು ಎತ್ತುವಂತಿಲ್ಲ. ಜವರ ಒಣಗಿದ ಸೊಪ್ಪು ತೆಗೆದು ಹಸಿರು ಕಟ್ಟಿ ಹೊರಟು ನಿಂತ. ತಲೆ ಹೋದರೇನು ಗತಿ ಎಂದು ಅವ್ವ ಅತ್ತಳು.

“ನಾ ಸುಮ್ಕಿದ್ರೆ ಅಷ್ಟೂ ಮರಿ ತಲೆ ಹೋಯ್ತದೆ ಕನವ್ವ,” ಎಂದು ಜವರ ಮೂರು ದಿನದ ಬುತ್ತಿ ಕಟ್ಟಿಕೊಂಡು ಅರಮನೆಯ ದಾರಿ ಹಿಡಿದ.

ಮೊದಲ ದಿನ ದೊರೆ ಕೇಳಿದ: “ತಾಯಿಯಿಲ್ಲದ ತವರಿಗೆ ಬರುತ್ತಾಳೆ. ಹೆತ್ತು, ಸಾಕಿ, ಸೀರೆ ಕುಪ್ಪಸ ಕೇಳದೆ ಹೋಗುತ್ತಾಳೆ. ಹೋಗುವಾಗ ತವರಿಗೇ ಅನ್ನ ಇಟ್ಟು ಹೋಗುತ್ತಾಳೆ. ಯಾರವಳು?”

ಪಾಳೇಗಾರ ಮೀಸೆ ತಿರುವಿ, ಮಳೆಯ ಮೋಡ ಎಂದ. ಸಂಜೆಯೊಳಗೆ ಆ ಮೀಸೆ ಕೋಟೆ ಬಾಗಿಲಲ್ಲಿತ್ತು. ವ್ಯಾಪಾರಿ ನಾಳೆ ನೋಡೋಣವೆಂದು ಹಿಂದೆ ಸರಿದ. ಜವರನಿಗೋ ಒಗಟು ಮೊದಲೇ ಗೊತ್ತಿತ್ತು, ಅದು ಅವನ ತಾತ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದೇ. ಕೊಕ್ಕರೆ ಎಂದ. ಅದರ ಹಿಕ್ಕೆ ಬಿದ್ದ ನೀರೇ ಗೊಬ್ಬರವಾಗಿ ಗದ್ದೆಗೆ ಹರಿದು ಭತ್ತವಾಗುವುದೆಂದು ವಿವರಿಸಿದ. ಸಭೆ ತಲೆದೂಗಿತು.

ಎರಡನೆಯ ದಿನ: “ಕಲ್ಲಿಲ್ಲ, ಗಾರೆಯಿಲ್ಲ, ಆದರೂ ಕೋಟೆ. ಕಾವಲುಗಾರನಿಗೆ ಹಲ್ಲಿದೆ, ಕತ್ತಿಯಿಲ್ಲ. ಯಾವ ಕೋಟೆ?”

ನೀರುಗಂಟಿಗೆ ಆದದ್ದು ತನಗಾಗದೇ ಎಂದು ವ್ಯಾಪಾರಿ ಮುನ್ನುಗ್ಗಿ, ಪ್ರಭುಗಳ ಕೀರ್ತಿಯೇ ಆ ಕೋಟೆ ಎಂದ. ದೊರೆಗೆ ಬಹಳ ಸಂತೋಷವಾಯಿತು. ಆದರೂ ತಲೆ ಉಳಿಯಲಿಲ್ಲ. ಜವರ, ನಡುಗಡ್ಡೆಯ ಸುತ್ತಲಿನ ನೀರೇ ಕೋಟೆ, ಮೊಸಳೆಯೇ ಕಾವಲು ಎಂದ. ಮೊಸಳೆಗೆ ಹೆದರಿ ನರಿ, ಕಾಡುಬೆಕ್ಕು ಈಜಿ ಬರುವುದಿಲ್ಲ, ಅದಕ್ಕೇ ಮರಿ ಉಳಿಯುವುದು ಎಂದು ಬಿಡಿಸಿ ಹೇಳಿದ.

ಮೂರನೆಯ ದಿನ ಅವನೊಬ್ಬನೇ ನಿಂತಿದ್ದ. “ಆ ಕೋಟೆಯನ್ನು ದಂಡಿಲ್ಲದೆ, ಬಾಣವಿಲ್ಲದೆ, ಒಬ್ಬನೇ ಕೆಡವಬಲ್ಲವನು ಯಾರು?”

“ತೂಬು ಎತ್ತೋನು, ಬುದ್ಧಿ,” ಎಂದ ಜವರ. “ನೀರು ಇಳಿದ್ರೆ ಮೊಸಳೆ ಮಡುವಿಗೆ ಹೋಯ್ತದೆ. ನರಿಗೆ, ಕಾಡುಬೆಕ್ಕಿಗೆ ದಾರಿ ಆಯ್ತದೆ. ನಂ ಕೈಲಿ ಹಂಗಾಗ್ಬಾರ್ದು ಅಂತ ನಂ ತಾತ ಈ ಒಗಟು ಕಟ್ಟಿದ್ದು.”

ದೊರೆ ಸಿಂಹಾಸನದಿಂದಿಳಿದು ಅವನನ್ನು ತಬ್ಬಿಕೊಂಡ. ಚಿಕ್ಕಂದಿನಲ್ಲಿ ಹರಿಗೋಲಿನಲ್ಲಿ ಕೂರಿಸಿಕೊಂಡು ಆ ಮುದುಕನೇ ತನಗಿದನ್ನು ಹೇಳಿಕೊಟ್ಟನೆಂದ. ನಂತರ ದಳವಾಯಿಯತ್ತ ತಿರುಗಿ, ಆನೆ ಸಿದ್ಧವೇ ಎಂದು ಕೇಳಿದ.

“ಉಂಬಳಿ ಪಡೆದವನು ಹರಿಗೋಲಿನಲ್ಲಿ ಹೋದರೆ ನಮ್ಮ ಮರ್ಯಾದೆ ಏನಾದೀತು? ಆನೆಯ ಮೇಲೆ ಹೋಗಬೇಕು. ಉಳಿದವನು ನೀನೊಬ್ಬನೇ ಎಂದು, ಅದಕ್ಕಾಗಿ ನಿನ್ನೆ ಮಧ್ಯಾಹ್ನವೇ ತೂಬು ಎತ್ತಿಸಿದ್ದೇನೆ.”

ಜವರ ಆನೆ ಹತ್ತಲಿಲ್ಲ, ಓಡಿದ. ಏರಿ ತಲುಪಿದಾಗ ನಡುಗಡ್ಡೆಗೆ ಕೆಸರಿನ ದಾರಿ ಬಿದ್ದಿತ್ತು. ಅದರ ತುಂಬ ನರಿ, ಕಾಡುಬೆಕ್ಕಿನ ಹೆಜ್ಜೆ. ಮರದ ಬುಡದಲ್ಲಿ ರೆಕ್ಕೆ ಬಲಿಯದ ಮರಿಗಳ ಪುಕ್ಕ ಚೆಲ್ಲಾಡಿತ್ತು. ತಾಯಿಹಕ್ಕಿಗಳು ಗೂಡಿನ ಮೇಲೆ ಸುತ್ತಿ ಸುತ್ತಿ ಇಳಿಯಲಾರದೆ ಹಾರುತ್ತಿದ್ದವು. ಹಿಂದಿನ ದಿನ ತೂಬು ಎತ್ತುವಾಗ ಕೈ ಅಡ್ಡ ಹಿಡಿದ ಅವ್ವನಿಗೆ ದಳವಾಯಿಯ ಆಳುಗಳು, ಮೆರವಣಿಗೆ ನಿನ್ನ ಮಗನಿಗೇ ಕಣಮ್ಮ ಎಂದಿದ್ದರಂತೆ. ಕಂಬದ ಬೇವಿನ ಸೊಪ್ಪನ್ನು ಹಬ್ಬದ ತೋರಣ ಅಂದುಕೊಂಡಿದ್ದರಂತೆ.

ವಾದ್ಯದೊಡನೆ ದೊರೆ ಬಂದಿಳಿದ. ಸೂರ್ಯಚಂದ್ರರಿರುವ ತನಕ ನಡುಗಡ್ಡೆ ಜವರನ ವಂಶಕ್ಕೆ ಎಂದು ಬರೆದ ತಾಮ್ರದ ಹಲಗೆಯನ್ನು ಅವನ ಕೆಸರುಗೈಯಲ್ಲಿಟ್ಟ. ಆಗಷ್ಟೇ ಮರದ ಬುಡ ನೋಡಿದ. ಅವನ ಮುಖ ಬಾಡಿತು.

“ಬುದ್ಧಿ, ನಂ ತಾತ ಒಗಟಿನ ಅರ್ಥ ಹೇಳ್ಕೊಟ್ಟಿರ್ಲಿಲ್ವಾ?” ಎಂದು ಜವರ ಕೇಳಿದ.

“ಹೇಳಿಕೊಟ್ಟಿದ್ದ,” ಎಂದ ದೊರೆ ಮೆಲ್ಲಗೆ. “ನನಗೆ ಬಾಯಿಪಾಠ ಇತ್ತು.”

ಜವರ ಏರಿಗೆ ಹೋಗಿ ತೂಬು ಇಳಿಸಿದ. ಮುಂದಿನ ವರ್ಷ ಕಟ್ಟೆ ತುಂಬಿತು, ಮೊಸಳೆಯೂ ಮಡುವಿನಿಂದ ಮೇಲೆ ಬಂತು. ಕೊಕ್ಕರೆ ಮಾತ್ರ ಬರಲಿಲ್ಲ. ಅವ್ವ ತಾಮ್ರದ ಹಲಗೆಯನ್ನು ನೀರಿನ ಗುಡಾಣದ ಬಾಯಿಗೆ ಮುಚ್ಚಿದಳು. ಜವರ ಆ ವರ್ಷವೂ ಕಂಬಕ್ಕೆ ಬೇವಿನ ಸೊಪ್ಪು ಕಟ್ಟಿ, ಅದು ಒಣಗುವ ತನಕ ಕಾದ.