ಕೋಳಿಗೆ ಹಗಲು ಕೊಟ್ಟ ತಮ್ಮಯ್ಯ

ಕೇಳ್ರಪ್ಪಾ, ಹೇಳಿದ ಮಾತು ಮೀರದ ಮಗ ಹುಟ್ಟಲಿ ಅಂತ ಎಲ್ಲ ತಾಯಂದಿರೂ ಹರಕೆ ಹೊರುತ್ತಾರೆ. ದೇವೀರಮ್ಮನಿಗೆ ಅಂಥ ಮಗನೇ ಹುಟ್ಟಿದ್ದ, ತಮ್ಮಯ್ಯ. ಅವಳ ತಲೆನೋವೂ ಅದೇ.

ದೇವೀರಮ್ಮ ಕೋಳಿಮರಿ ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ಅವಳ ಕೆಂಪು ಹುಂಜದ ತಳಿ ಅಂದರೆ ಸುತ್ತಲ ಹಳ್ಳಿಯವರು ಮುಗಿಬೀಳುತ್ತಿದ್ದರು. ಮಾಗಿ ಬಂತು, ಹಗಲು ಗಿಡ್ಡವಾಯಿತು, ಹೇಂಟೆಗಳು ಮೊಟ್ಟೆ ಇಡುವುದು ನಿಲ್ಲಿಸಿದವು. ಮೊಟ್ಟೆಯಿಲ್ಲದೆ ಮರಿಯೆಲ್ಲಿ, ಮರಿಯಿಲ್ಲದೆ ಹಿಟ್ಟೆಲ್ಲಿ?

ದನದ ಡಾಕ್ಟರು ಬಂದು ನೋಡಿದರು. "ಕಾಯಿಲೆ ಏನಿಲ್ಲ ಕಣಮ್ಮ. ಕೋಳಿಗೆ ಹಗಲು ಸಾಲ್ತಾ ಇಲ್ಲ. ಹೊತ್ತು ಮುಳುಗಿದ ಮೇಲೂ ಸ್ವಲ್ಪ ಬೆಳಕು ಕಾಣಿಸಿ, ಮತ್ತೆ ಮೊಟ್ಟೆ ಇಡ್ತವೆ" ಅಂದರು.

"ಕೇಳ್ದೇನ್ಲಾ ಮಗ? ಹೊತ್ತು ಮುಳುಗಿದ್ ಮ್ಯಾಲೂ ಕೋಳಿಗೆ ಬೆಳಕು ಕಾಣುಸ್ಬೇಕಂತೆ!"

"ಆಯ್ತು ಕನವ್ವ!"

ಸಂಜೆ ನೋಡಿದರೆ ಗೂಡು ಖಾಲಿ. ತಮ್ಮಯ್ಯ ಕೋಳಿಗಳನ್ನೆಲ್ಲ ಮಂಕರಿ ಬುಟ್ಟಿಗೆ ತುಂಬಿಕೊಂಡು ಗುಡ್ಡ ಹತ್ತಿದ್ದ. ಕತ್ತಲಾದ ಮೇಲೆ ಇಳಿದು ಬಂದ.

"ಊರಲ್ಲಿ ಹೊತ್ತು ಮುಳುಗ್ತು ಕನವ್ವ. ಗುಡ್ಡದ್ ಮ್ಯಾಲೆ ಇನ್ನೂ ಬಿಸ್ಲಿತ್ತು!"

ಸುಳ್ಳೇನಲ್ಲ. ಪೆದ್ದನ ಮಾತಲ್ಲೂ ಒಂದೊಂದು ಸಲ ಹುರುಳಿರುತ್ತದೆ. ಆದರೆ ಕುಲುಕಾಡಿದ ಕೋಳಿಗಳು ಅರೆಜೀವವಾಗಿದ್ದವು.

"ಅಯ್ಯೋ ನನ್ ಕರ್ಮವೇ! ಗೂಡಲ್ಲೇ ದೀಪ ಹಚ್ಚೋ! ಉಣ್ಣೋ ಹೊತ್ಗೆ ಆರ್ಸು. ಆಮ್ಯಾಕೆ ದೀಪ ಉರೀಬಾರ್ದು, ಅವೂ ನಿದ್ದೆ ಮಾಡ್ಬೇಕು!"

"ಆಯ್ತು ಕನವ್ವ!"

ದಿನಾ ಹಚ್ಚಿದ, ದಿನಾ ಆರಿಸಿದ. ಅಷ್ಟರಲ್ಲಿ ಪಕ್ಕದ ಮನೆಯ ಮುದ್ದೇಗೌಡರು ತೀರಿಕೊಂಡರು. ಹೆಣದ ತಲೆದೆಸೆಯಲ್ಲಿ ದೀಪ ಉರಿಯುತ್ತಿತ್ತು, ಹೆಂಗಸರು ಅಳುತ್ತಿದ್ದರು. ತಮ್ಮಯ್ಯ ಒಳಗೆ ಬಂದ. "ಉಣ್ಣೋ ಹೊತ್ತಾಯ್ತು, ಗೌಡ್ರು ನಿದ್ದೆ ಮಾಡ್ಲಿ" ಅಂದವನೇ ಉಫ್ ಅಂತ ಆರಿಸಿಬಿಟ್ಟ!

ದೇವೀರಮ್ಮನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇನ್ ದೀಪ ಮುಟ್ಟಬ್ಯಾಡ, ನಾನೇ ಹಚ್ಚುತೀನಿ! ನೀನು ಕೋಳಿ ಕಾಯಿ. ಮೊಟ್ಟೆ ಇಡೋ ಕೋಳಿ ಇರ್ಲಿ. ಇಡ್ದೇ ಬರೀ ತಿನ್ನೋದ್ನ ಸಂತೆಗ್ ಹಾಕು!"

"ಆಯ್ತು ಕನವ್ವ!"

ಡಾಕ್ಟರ ಮಾತು ನಿಜವಾಯಿತು. ದೀಪದ ಬೆಳಕಿಗೆ ಹಗಲು ಉದ್ದವಾಯಿತು ಅಂದುಕೊಂಡವೋ ಏನೋ, ಹೇಂಟೆಗಳು ಒಂದೊಂದಾಗಿ ಇಡತೊಡಗಿದವು. ದೇವೀರಮ್ಮನ ಮುಖ ಅರಳಿತು. ಸಂತೆಯ ದಿನ ತಮ್ಮಯ್ಯ ಕಾಸು ಹಿಡಿದುಕೊಂಡು ಬಂದ.

"ಎಲ್ಲಾ ಇಟ್ಟವು ಕನವ್ವ. ಒಂದ್ ಮಾತ್ರ ತಿಂದು ತಿಂದು ಕೂಗ್ತಿತ್ತು, ಇಡ್ಲೇ ಇಲ್ಲ. ಮಾರ್ಬುಟ್ಟೆ."

"ಯಾವುದ್ಲಾ?"

"ಕೆಂಪು ಹುಂಜ!"

ದೇವೀರಮ್ಮ ಬಯ್ಯಲು ಬಾಯಿ ತೆರೆದಳು. ಯಾವ ಮಾತಿಗೆ ಬಯ್ಯುವುದು? ಹುಟ್ಟಿದಾಗಿನಿಂದ ಅವನು ಒಂದು ಮಾತೂ ಮೀರಿಲ್ಲ. ಆಡಿದ್ದೆಲ್ಲ ಅವಳೇ. ಆದರೂ ಹುಂಜವಿಲ್ಲದ ಮೊಟ್ಟೆಯಲ್ಲಿ ಮರಿಯಾಗುತ್ತದೆಯೇ? ಆತುರದಲ್ಲಿ ಮತ್ತೊಂದು ಮಾತು ಬಾಯಿಜಾರಿತು.

"ಓಡೋ! ಯಾಪಾರಿ ಏನ್ ಕೇಳುದ್ರೂ ಕೊಟ್ಟು ಹುಂಜ ತತ್ತಾ!"

ಓಡಿದ. ಓಡಿ ಬಂದ, ಹಿತ್ತಲಿಗೆ ಹೋದ, ಮತ್ತೆ ಓಡಿದ. ಕೊನೆಗೆ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ನಗುತ್ತಾ ಬಂದ.

"ಏನ್ ಕೊಟ್ಟೆ ಮಗ?"

"ಇಡೋ ಹೇಂಟೆ ಎಲ್ಲಾ ಕೇಳ್ದ. ಎಲ್ಲಾ ಕೊಟ್ಟೆ!"

ದೇವೀರಮ್ಮ ಜಗಲಿಯ ಮೇಲೆ ಕುಸಿದಳು. ಅಳುವೂ ಬಂತು, ಆ ಮುಖ ನೋಡಿ ನಗುವೂ ಬಂತು. ತಮ್ಮಯ್ಯ ಪಕ್ಕದಲ್ಲಿ ಕೂತು ಅವಳ ಸೆರಗಿನಿಂದಲೇ ಅವಳ ಕಣ್ಣೊರೆಸಿದ.

"ಅಳ್ಬ್ಯಾಡ ಕನವ್ವ. ದೀಪಾನ ಇನ್ನೊಸಿ ಹೊತ್ತು ಜಾಸ್ತಿ ಹಚ್ಚು. ಈ ಹುಂಜಾನೂ ಇಡ್ತದೆ!"