ಮೀಸಲು ಗೊನೆಯ ನಿದ್ದೆ

"ಯುಗಾದಿಗೆ ಕಡಿದ ಬಾಳೆಗೊನೆಯನ್ನು ನಮ್ಮ ಮನೆಯಲ್ಲಿ ದೀಪಾವಳಿಗೆ ತಿಂದಿದ್ದೇವೆ. ಒಂದು ಹಣ್ಣಿಗೂ ಕಪ್ಪು ಚುಕ್ಕೆ ಇರಲಿಲ್ಲ. ತಿಂದವರೆಲ್ಲ ಶಿವನ ಪಾದ ಸೇರಿದರು, ಇಲ್ಲದಿದ್ದರೆ ಅವರ ಬಾಯಿಂದಲೇ ಹೇಳಿಸುತ್ತಿದ್ದೆ" ಎಂದ ಚೆಲುವಜ್ಜ, ಜಗಲಿಯ ಕಂಬಕ್ಕೆ ಒರಗಿಕೊಂಡು.

"ಆ ಹಣ್ಣು ತಿಂದೇ ಸೇರಿದರೋ ಏನೋ ಮಾವ" ಎಂದಳು ಸೊಸೆ ಕೆಂಪಾಜಿ. ಬಾಯಿ ಹಾಗೆಂದರೂ ಅವಳ ಕಣ್ಣು ಒಳಗೆ ಜಂತೆಗೆ ತೂಗುಬಿಟ್ಟ ಗೊನೆಯ ಮೇಲೆಯೇ ಇತ್ತು.

ಅವಳ ಮಗಳು ಹೆತ್ತ ಚೊಚ್ಚಲ ಕೂಸಿಗೆ ಬರುವ ಸೋಮವಾರ ತೊಟ್ಟಿಲು ಶಾಸ್ತ್ರ. ಬೀಗರ ಕಡೆಯ ಹೆಂಗಸರಿಗೆಲ್ಲ ನಮ್ಮ ಹಿತ್ತಲ ಬಾಳೆಹಣ್ಣಿನಿಂದಲೇ ಮಡಿಲು ತುಂಬುತ್ತೇನೆಂದು ಕೆಂಪಾಜಿ ಮನೆದೇವರು ಮಾದಪ್ಪನಿಗೆ ಹರಕೆ ಹೇಳಿಕೊಂಡಿದ್ದಳು. ಮೀಸಲು ಗೊನೆ; ಶಾಸ್ತ್ರಕ್ಕೆ ಮುಂಚೆ ಒಂದು ಹಣ್ಣನ್ನೂ ಮುರಿಯುವಂತಿಲ್ಲ. ಯಾರ ಕಣ್ಣೂ ಬೀಳದಿರಲೆಂದು ಗೋಣಿಚೀಲ ಸುತ್ತಿ ತೂಗುಹಾಕಿದ್ದಳು. ಆದರೆ ಮೇಲಿನ ಚಿಪ್ಪು ಆಗಲೇ ಹಳದಿಯಾಗಿ ಮನೆಯೆಲ್ಲ ಘಮಗುಡುತ್ತಿತ್ತು. ಹೀಗೇ ಆದರೆ ಸೋಮವಾರಕ್ಕೆ ಉಳಿಯುವುದು ಬರೀ ನೊಣ.

"ಅದೇನು ಮಾಡಿ ಇಟ್ಟಿದ್ದಿರಿ, ಅದನ್ನಾದರೂ ಹೇಳಿ ಮಾವ."

ಅಜ್ಜ ಕಣ್ಣು ಮುಚ್ಚಿದ.

"ಕೇಳವ್ವ. ಕಾಯಿ ಅಂದರೆ ಮಲಗಿರೋ ಹಣ್ಣು. ನಮ್ಮಜ್ಜಿ ಗೊನೆಯನ್ನು ಗಾಳಿಯಾಡೋ ನೆರಳಲ್ಲಿ ತೂಗಿಬಿಟ್ಟು, ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಲಾಲಿ ಹಾಡುತ್ತಿದ್ದಳು. ಆ ಹಾಡಿಗೆ ನಾನೂ ಮಲಗುತ್ತಿದ್ದೆ, ಕಾಯಿಗಳೂ ಮಲಗುತ್ತಿದ್ದವು, ಹೊಸಿಲ ಮೇಲಿನ ಬಿಸಿಲೂ ಮಲಗಿಬಿಡುತ್ತಿತ್ತು. ಕಾಯಿಗಳಿಗೆ ಕನಸು ಬೀಳುತ್ತಿತ್ತು. ಇನ್ನೂ ಗಿಡದಲ್ಲೇ ಇದ್ದೇವೆ, ಎಲೆ ಬೀಸುತ್ತಿದೆ, ಬುಡದಲ್ಲಿ ನೀರು ಹರಿಯುತ್ತಿದೆ ಅಂತ. ಆ ಕನಸು ಇರೋವರೆಗೆ ಅವು ಹಸಿರು.

"ಆದರೆ ಎಲ್ಲೋ ಒಂದು ಎದ್ದುಬಿಡುತ್ತದೆ. ಎದ್ದದ್ದು ಸುಮ್ಮನಿರುತ್ತದೆಯೇ? ಘಮದಲ್ಲೇ ಪಿಸುಗುಟ್ಟಿ, 'ಏಳ್ರೋ, ಬೆಳಗಾಯ್ತು' ಅಂತ ಪಕ್ಕದವನ್ನೂ ಎಬ್ಬಿಸುತ್ತದೆ. ನೀನು ಗೋಣಿ ಹೊದಿಸಿ ಆ ಪಿಸುಮಾತನ್ನು ಒಳಗೇ ಕೂಡಿಹಾಕಿದ್ದೀಯ. ನಮ್ಮಜ್ಜಿ ಎದ್ದ ಹಣ್ಣನ್ನು ಮೆಲ್ಲಗೆ ಬಿಡಿಸಿ, ಬಳೆಗಾರ ಬರಲಿ ದಾಸಯ್ಯ ಬರಲಿ, ಬಾಗಿಲಿಗೆ ಬಂದವರ ಕೈಗಿಡುತ್ತಿದ್ದಳು. ಉಳಿದವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಿದ್ದವು."

"ಮೀಸಲು ಮುರಿದ ಹಾಗಾಗಲಿಲ್ಲವೇ ಮಾವ?"

"ಹಸಿದವನ ಹೊಟ್ಟೆಗೆ ಹೋದದ್ದು ಮಾದಪ್ಪನಿಗೆ ಮುಟ್ಟಲಿಲ್ಲ ಅಂತ ನಿನಗ್ಯಾರು ಹೇಳಿದರು?"

ಕೆಂಪಾಜಿ ಗೊನೆಯ ಕೆಳಗೆ ಬಹಳ ಹೊತ್ತು ನಿಂತಳು. ಕೊನೆಗೆ ಒಮ್ಮೆ ಕೈಮುಗಿದು ಗೋಣಿ ಬಿಚ್ಚಿದಳು. ಹಳದಿ ಚಿಪ್ಪನ್ನು ಇಡಿಯಾಗಿ ಕೊಯ್ದು, ದೇವರ ಗೂಡಿಗೆ ಒಂದು ಹಣ್ಣಿಟ್ಟು, ಮಿಕ್ಕದ್ದನ್ನು ಬೀದಿಯಲ್ಲಿ ಹೋಗುತ್ತಿದ್ದ ಕುರಿಯವರಿಗೆ ಕೊಟ್ಟಳು. ಗೊನೆಯನ್ನು ಕಿಟಕಿಯ ಗಾಳಿಗೆ ಸರಿಸಿದಳು. ಆಮೇಲೆ ಎದ್ದ ಹಣ್ಣು ಕಂಡ ಕಂಡ ಹಾಗೆ ಹೊರಗೆ ಹೋಯಿತು. ಯಾರೂ ಕೇಳದ ಹಾಗೆ ಅವಳೂ ಲಾಲಿ ಗುನುಗಿದಳು.

ಸೋಮವಾರದ ಹೊತ್ತಿಗೆ ಗೊನೆ ಸಣ್ಣದಾಗಿತ್ತು. ಆದರೆ ಉಳಿದವು ಆಗತಾನೇ ಕಣ್ಣುಬಿಟ್ಟ ಹಾಗೆ ಹೊಂಬಣ್ಣಕ್ಕೆ ತಿರುಗಿದ್ದವು. ಬೀಗಿತ್ತಿಯರೆಲ್ಲರ ಮಡಿಲೂ ತುಂಬಿತು.

ಅಜ್ಜ ಅವರ ನಡುವೆ ಕೂತು, "ಎಲ್ಲ ನಮ್ಮಜ್ಜಿ ನನ್ನ ಕಿವಿಯಲ್ಲಿ ಹೇಳಿಕೊಟ್ಟ ವಿದ್ಯೆ" ಎಂದು ಮೀಸೆ ತಿರುವಿದ.

ತೊಟ್ಟಿಲು ತೂಗಲು ಬಂದಿದ್ದ ಅವನ ಅಕ್ಕ ದೇವೀರಮ್ಮ ತಿರುಗಿ ನೋಡಿದಳು. "ಲೋ ಚೆಲುವ, ನೀನು ಹುಟ್ಟೋ ಮೊದಲೇ ಅಜ್ಜಿ ಮಣ್ಣಾಗಿದ್ದಳಲ್ಲೋ!"

ಅಜ್ಜ ಭುಜ ಕುಣಿಸಿದ. "ಹಾಗಾದರೆ ಇನ್ಯಾರದೋ ಅಜ್ಜಿ ಇರಬೇಕು. ನೀನು ಹಣ್ಣು ತಿನ್ನಕ್ಕ."

ನೀತಿ: ಹಣ್ಣಾದದ್ದನ್ನು ಮುಚ್ಚಿಟ್ಟರೆ ಕಾಯಿಯೂ ಕೆಡುತ್ತದೆ. ಹೊತ್ತಿಗೆ ಸರಿಯಾಗಿ ಕೊಟ್ಟದ್ದು, ಮನೆಯಲ್ಲಿ ಉಳಿದದ್ದನ್ನು ಕಾಯುತ್ತದೆ.